ಕೊಳಗವನ್ನು ಮರೆತ ಲೆಕ್ಕ

ಅದು ಅಂಗಡಿಯಲ್ಲಿ ದೊರೆಯುವ ಇನ್ನೂರು ಪುಟಗಳ ಸಾಧಾರಣ ನೋಟುಪುಸ್ತಕ. ಮಳೆಗಾಲದ ತೇವಕ್ಕೆ ರಟ್ಟಿನ ಮೂಲೆಗಳು ಉಬ್ಬಿದ್ದವು. ಒಳಪುಟಗಳ ಮೇಲೆ ಅಡಿಕೆಚೊಗರಿನ ಕಂದು ಬೆರಳಚ್ಚುಗಳಿದ್ದವು. ಪ್ರತಿಯೊಂದು ಪುಟವನ್ನೂ ಸೋಮವಾರದಿಂದ ಶನಿವಾರದವರೆಗಿನ ಆರು ಮನೆಗಳಾಗಿ ಗೆರೆಹಾಕಿ ಭಾಗಿಸಿ, ಒಂದೊಂದು ಮನೆಯ ನಡುವೆ ಎರಡಂಕಿಯ ಒಂದು ಸಂಖ್ಯೆಯನ್ನೂ ಅದರ ಎಡಬಲಗಳಲ್ಲಿ ಮೇಲಿನಿಂದ ಕೆಳಕ್ಕೆ ಮೂರು ಮೂರು ಅಂಕಿಗಳನ್ನೂ ಮುದ್ದಾದ ಅಕ್ಷರದಲ್ಲಿ ಬರೆದಿತ್ತು. ಎರಡೂ ಅಂಕಿಗಳು ಒಂದೇ ಆಗಿರುವ, ಇಲ್ಲವೆ ಒಂದಕ್ಕೊಂದು ಐದರ ಅಂತರದಲ್ಲಿರುವ ಸಂಖ್ಯೆಗಳು ಮಾತ್ರ ಕೆಂಪುಶಾಯಿಯಲ್ಲಿದ್ದವು. ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು, ಹಿಂದೆ ನನ್ನಲ್ಲಿಯೇ ಗಣಿತ ಕಲಿತವರು, ಅದನ್ನು ನನ್ನ ಮುಂದೆ ತೆರೆದಿಟ್ಟು, ಒಂದು ಪುಟದ ಮೇಲೆ ಬೆರಳಿಟ್ಟು ಹೇಳಿದರು: “ನೋಡಿ ಮೇಷ್ಟ್ರೇ, ಹತ್ತು ದಿನ ಆಯ್ತು, ಕೆಂಪು ಬಿದ್ದಿಲ್ಲ. ಈ ವಾರ ಬೀಳದೆ ಎಲ್ಲಿಗೆ ಹೋಗುತ್ತೆ?”

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಬಾಳುವ ಯಾರಿಗೂ ಇದು ಯಾವ ಪುಸ್ತಕವೆಂದು ವಿವರಿಸಿ ಹೇಳಬೇಕಾಗಿಲ್ಲ. ಇತರರು ಮಟ್ಕಾ ಎಂದು ಕರೆಯುವ ಆಟವನ್ನು ನಮ್ಮವರು ‘ಓಸಿ’ ಎನ್ನುತ್ತಾರೆ. ಮೊದಲು ಬೀಳುವ ಅಂಕಿ ಓಪನ್, ಆಮೇಲೆ ಬೀಳುವುದು ಕ್ಲೋಸ್, ಎರಡೂ ಸೇರಿದರೆ ಜೋಡಿ. ಮೂರು ಅಂಕಿಗಳನ್ನೆತ್ತಿ, ಅವುಗಳ ಮೊತ್ತದ ಕೊನೆಯ ಅಂಕಿಯನ್ನು ಓಪನ್ ಎಂದು ಸಾರುತ್ತಾರೆ; ಕ್ಲೋಸಿಗೂ ಅದೇ ಕ್ರಮ. ಆ ಮೂರಂಕಿಯ ಗುಂಪಿಗೆ ಪಾನಾ ಎಂದು ಹೆಸರು. ಅದರ ಮೇಲೆಯೂ ಹಣ ಕಟ್ಟುವುದುಂಟು. ಬೀಡಾ ಅಂಗಡಿಯ ಮಗ್ಗುಲಲ್ಲಿ, ಬಸ್ಸುನಿಲ್ದಾಣದ ಹಿಂದೆ, ಸಂತೆಯ ಅಂಚಿನಲ್ಲಿ ಚೀಟಿ ಬರೆಯುವವರಿರುತ್ತಾರೆ. ಕೂಲಿಯಿಂದ ಮರಳುವವರೂ ತೋಟದ ಧಣಿಗಳೂ ಅಲ್ಲಿ ಸಮಾನರು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 78ನೆಯ ಕಲಮಿನನ್ವಯ ಇದು ಅಪರಾಧವೆಂಬುದನ್ನೂ, ಆಗಾಗ ಚೀಟಿ ಬರೆಯುವವನು ಸಿಕ್ಕಿಬಿದ್ದ ವಾರ್ತೆ ಪತ್ರಿಕೆಯ ಮೂಲೆಯಲ್ಲಿ ಬರುವುದನ್ನೂ ಎಲ್ಲರೂ ಬಲ್ಲರು. ಅಪರಾಧದ ವಿಷಯವನ್ನು ನಾನಿಲ್ಲಿ ಎತ್ತಿಕೊಂಡಿಲ್ಲ. ನನ್ನನ್ನು ಬಹುಕಾಲದಿಂದ ಕಾಡುತ್ತಿರುವುದು ಆ ನೋಟುಪುಸ್ತಕ. ಅಷ್ಟು ಶ್ರದ್ಧೆಯಿಂದ, ಒಂದು ದಿನವೂ ತಪ್ಪದೆ, ವರ್ಷಾನುವರ್ಷ ಬರೆದಿಟ್ಟ ದಾಖಲೆಯೊಂದು ಬರೆದವನಿಗೆ ಏನನ್ನೂ ಕಲಿಸದೆ ಹೋಗುವುದು ಹೇಗೆ?

ಇದಕ್ಕೆ ಸುಲಭವಾದ ಉತ್ತರವೊಂದಿದೆ: ಅವರು ಮೂಢರು, ಆಸೆಬುರುಕರು ಎಂಬುದು. ಆ ಉತ್ತರವನ್ನು ನಾನು ಒಪ್ಪಲಾರೆ. ಮಲೆನಾಡಿನ ಕೃಷಿಕನಂತೆ ಕ್ರಮವನ್ನು ಗಮನಿಸಿ, ಹಿಂದಿನದರಿಂದ ಮುಂದಿನದನ್ನು ಊಹಿಸಿ ಬಾಳುವವರು ವಿರಳ. ಮೃಗಶಿರೆ ಹೇಗೆ ಹೊಕ್ಕಿತು, ಆರಿದ್ರೆ ಎಷ್ಟು ಸುರಿಯಿತು, ಪುಷ್ಯದಲ್ಲಿ ಹೊಳವು ದೊರೆಯಿತೆ ಇಲ್ಲವೆ ಎಂಬುದನ್ನು ಅವನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿರುತ್ತಾನೆ. ಮೈಲುತುತ್ತ ಸುಣ್ಣಗಳನ್ನು ಬೆರೆಸಿ ಕೊಳೆರೋಗದ ಔಷಧಿಯನ್ನು ಮಳೆ ಹಿಡಿಯುವ ಮೊದಲೊಮ್ಮೆ ಹೊಡೆಸಿ, ಸುಮಾರು ನಲವತ್ತು ದಿನಗಳು ಕಳೆದ ಮೇಲೆ ಮತ್ತೊಮ್ಮೆ ಹೊಡೆಸಬೇಕೆಂಬಾಗ, ಮರ ಹತ್ತುವ ಕೊನೆಗೌಡನಿಗೆ ಯಾವ ದಿನ ಬಾ ಎಂದು ಹೇಳಬೇಕೆಂಬುದು ದಿನಗಳ ಸಾಲನ್ನು ಓದಬಲ್ಲವನಿಗೆ ಮಾತ್ರ ತಿಳಿಯುತ್ತದೆ. ಎಂಟು ದಿನ ಬಿಡದೆ ಮಳೆ ಹೊಡೆದರೆ ಒಂಬತ್ತನೆಯ ದಿನ ಎಳೆಗಾಯಿ ಉದುರಲಾರಂಭಿಸುವುದು ಬರಿಯ ಭ್ರಾಂತಿಯಲ್ಲ. ತೇವವು ಗೊನೆಯಲ್ಲಿ ಕೂಡಿಬಂದು, ಬೂಷ್ಟು ಬೆಳೆದು, ಕಾಯಿಂದ ಕಾಯಿಗೆ ಹಬ್ಬಿದ ಫಲ ಅದು. ನಿನ್ನೆಯ ದಿನ ಇಂದಿನ ದಿನದ ಒಳಗೆ ಉಳಿದುಕೊಂಡಿರುತ್ತದೆ.

ಲಿಂಗನಮಕ್ಕಿಯ ನೀರನ್ನೇ ನೋಡೋಣ. ಜಲಾಶಯ ತುಂಬಿದಾಗಿನ ಮಟ್ಟ 1819 ಅಡಿ. ಮಳೆಗಾಲದಲ್ಲಿ ಸಾಗರದ ಜನರು ಪ್ರತಿದಿನ ಬೆಳಿಗ್ಗೆ ಪತ್ರಿಕೆಯಲ್ಲಿ ಅಡಿಕೆ ಧಾರಣೆಯಷ್ಟೇ ಆತುರದಿಂದ ಆ ಅಂಕಿಯನ್ನು ಹುಡುಕುತ್ತಾರೆ. ಇಂದು 1800 ಇದ್ದ ಮಟ್ಟ ನಾಳೆ 1760ಕ್ಕೆ ಇಳಿದಿರಲಾರದು, 1819ಕ್ಕೆ ಜಿಗಿದಿರಲೂ ಆರದು. ಜಲಾನಯನ ಪ್ರದೇಶದಲ್ಲಿ ಎಷ್ಟು ಮಳೆಯಾಯಿತೆಂಬುದನ್ನು ಕೇಳಿದ ಅನುಭವಿಯು ನಾಳಿನ ಮಟ್ಟವನ್ನು ಅರ್ಧಡಿ ಒಂದಡಿಯ ಅಂತರದಲ್ಲಿ ಹೇಳಬಲ್ಲನು. ಏಕೆಂದರೆ ಜಲಾಶಯಕ್ಕೆ ಸ್ಮೃತಿಯಿದೆ. ನಿನ್ನೆ ಬಂದ ನೀರು ಅಲ್ಲಿಯೇ ನಿಂತಿದೆ. ಇಂತಹ ಸ್ಮೃತಿಯುಳ್ಳ ಜಗತ್ತಿನಲ್ಲಿ ತಲೆತಲಾಂತರದಿಂದ ಪಳಗಿದ ಬುದ್ಧಿಯು, ಸ್ಮೃತಿಯೇ ಇಲ್ಲದ ಒಂದು ವಸ್ತುವನ್ನು ಎದುರಿಸಿದಾಗ, ತನ್ನ ಹಳೆಯ ಸಾಧನವನ್ನೇ ಹಿಡಿದು ಅದರ ಮೇಲೆ ಕೆಲಸಕ್ಕೆ ತೊಡಗುತ್ತದೆ. ನೋಟುಪುಸ್ತಕ ಹುಟ್ಟಿಕೊಂಡದ್ದು ಹೀಗೆಂದು ನಾನು ತಿಳಿದಿದ್ದೇನೆ. ಅದು ಬುದ್ಧಿಯ ಅಭಾವವಲ್ಲ, ಒಳ್ಳೆಯ ಬುದ್ಧಿಯ ಅಸ್ಥಾನವಿನಿಯೋಗ.

ಈ ಆಟದ ಮೂಲವನ್ನು ಹುಡುಕಿದರೆ ಅಲ್ಲಿಯೂ ಧಾರಣೆಯೇ ಸಿಗುತ್ತದೆ. ನ್ಯೂಯಾರ್ಕಿನ ಹತ್ತಿಪೇಟೆಯ ಆರಂಭದ ಮತ್ತು ಮುಕ್ತಾಯದ ದರಗಳು ತಂತಿಯ ಮೂಲಕ ಮುಂಬಯಿಯ ಹತ್ತಿಪೇಟೆಗೆ ಬರುತ್ತಿದ್ದ ಕಾಲದಲ್ಲಿ ಆ ಅಂಕಿಗಳ ಮೇಲೆ ಜನ ಪಣ ಕಟ್ಟುತ್ತಿದ್ದರು. ಓಪನ್, ಕ್ಲೋಸ್ ಎಂಬ ಮಾತುಗಳು ಆ ಪೇಟೆಯಿಂದ ಇಳಿದುಬಂದವು. 1961ರಲ್ಲಿ ಆ ಪದ್ಧತಿ ನಿಂತುಹೋದಾಗ, 1962ರಲ್ಲಿ ಕಲ್ಯಾಣ್‌ಜೀ ಭಗತ್ ಎಂಬಾತನು ವರ್ಲಿಯಲ್ಲಿಯೂ 1964ರಲ್ಲಿ ರತನ್ ಖತ್ರಿ ಎಂಬಾತನು ಬೇರೆಯಾಗಿಯೂ ತಮ್ಮ ತಮ್ಮ ಆಟಗಳನ್ನು ಆರಂಭಿಸಿದರು. ಮಡಕೆಯೊಳಗಿನ ಚೀಟಿಯೂ ಇಸ್ಪೀಟಿನ ಎಲೆಯೂ ಹತ್ತಿಯ ದರದ ಸ್ಥಾನಕ್ಕೆ ಬಂದವು. ಮಟ್ಕಾ ಎಂದರೆ ಮಡಕೆಯೆಂದೇ ಅರ್ಥ. ಗಿರಣಿ ಕಾರ್ಮಿಕರ ನಡುವೆ ಬೆಳೆದ ಆ ಆಟ ಘಟ್ಟವನ್ನೇರಿ ಅಡಿಕೆಯ ನಾಡಿಗೆ ಬಂದಿತು. ಇಲ್ಲೊಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ರಾಶಿ ಅಡಿಕೆಯ ನಾಳಿನ ಧಾರಣೆ ಸುಮಾರಾಗಿ ಎಷ್ಟಿರಬಹುದೆಂದು ಸಾಗರದ ಮಂಡಿಯ ವರ್ತಕನು ಹೇಳಬಲ್ಲನು. ಆ ಧಾರಣೆಯ ಕೊನೆಯ ಅಂಕಿ ಯಾವುದೆಂದು ಕೇಳಿದರೆ ಅವನೂ ದಾರಿಹೋಕನೂ ಸಮಾನರಾಗುತ್ತಾರೆ. ಪೇಟೆಯ ಸ್ಮೃತಿಯೆಲ್ಲ ಮೊದಲ ಅಂಕಿಗಳಲ್ಲಿದೆ. ಕೊನೆಯದಕ್ಕೆ ಅದು ತಲಪುವುದಿಲ್ಲ.

ಇದೇ ಸೂಕ್ಷ್ಮವನ್ನು ನಮ್ಮ ನೆರೆಯ ಕೇರಳದಲ್ಲಿಯೂ ಕಾಣಬಹುದು. ಅಲ್ಲಿ 1967ರಲ್ಲಿ ಸ್ಥಾಪಿತವಾದ ಲಾಟರಿ ಇಲಾಖೆಯು ಇಂದು ವಾರದ ದಿನಕ್ಕೊಂದು ಲಾಟರಿಯನ್ನು ನ್ಯಾಯಬದ್ಧವಾಗಿ ನಡೆಸುತ್ತದೆ. ಆದರೆ ಆ ಫಲಿತಾಂಶದ ಕೊನೆಯ ಒಂದೋ ಮೂರೋ ಅಂಕಿಗಳ ಮೇಲೆ ಕಾನೂನಿನ ಹೊರಗೆ ಪಣ ಕಟ್ಟಿಸಿಕೊಳ್ಳುವ ದಂಧೆಯು ಅದರ ನೆರಳಿನಂತೆ ಬೆಳೆದಿದೆ. ಕಾಸರಗೋಡಿನ ಕನ್ನಡಿಗರಿಗೆ ‘ಒಂದಂಕಿ ಲಾಟರಿ’ ಎಂಬ ಮಾತು ಹೊಸದಲ್ಲ. ಭಾರತದ 1998ರ ಲಾಟರಿ ನಿಯಂತ್ರಣ ಕಾಯ್ದೆಯು ಒಂದೇ ಅಂಕಿಯ ಆಧಾರದ ಮೇಲೆ ಬಹುಮಾನ ಕೊಡುವುದನ್ನು ನಿಷೇಧಿಸಿರುವುದು ಸುಮ್ಮನೆ ಅಲ್ಲ: ಅಂಕಿಗಳು ಕಡಮೆಯಾದಷ್ಟೂ ಗೆಲುವು ಕೈಗೆಟುಕುವಂತೆ ತೋರುತ್ತದೆ, ಕೈಗೆಟುಕುವಂತೆ ತೋರಿದಷ್ಟೂ ಲೆಕ್ಕ ಹಾಕುವ ಚಾಪಲ್ಯ ಬೆಳೆಯುತ್ತದೆ. ಏಳಂಕಿಯ ಟಿಕೆಟನ್ನು ಕೊಂಡವನು ದೇವರಿಗೆ ಕೈಮುಗಿದು ಸುಮ್ಮನಿರುತ್ತಾನೆ. ಎರಡಂಕಿ ಮೂರಂಕಿಗಳವನು ಆ ನೋಟುಪುಸ್ತಕದಂತಹ ಚಾರ್ಟು ಬರೆಯುತ್ತಾನೆ. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿಯನ್ನೇ ನಿಷೇಧಿಸಿದರೂ ಚಾರ್ಟುಗಳು ಮಾತ್ರ ಉಳಿದವು.

ಕೆಲವು ವರ್ಷಗಳ ಹಿಂದೆ ಆಷಾಢದ ಮಳೆಯಲ್ಲಿ ಹೊರಗೆ ಹೊರಡಲಾಗದೆ ಮಕ್ಕಳು ಮನೆಯಲ್ಲಿ ಕುಳಿತಿದ್ದಾಗ ನಾನೊಂದು ಪರೀಕ್ಷೆಯನ್ನು ನಡೆಸಿದೆ. ಒಂದೇ ಗಾತ್ರದ ಹತ್ತು ಚಾಲಿ ಅಡಿಕೆಗಳನ್ನು ಆರಿಸಿ, ಅವುಗಳ ಮೇಲೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಬರೆದು, ಉಪ್ಪಿನಕಾಯಿ ಖಾಲಿಯಾದ ಒಂದು ಸಣ್ಣ ಜಾಡಿಯಲ್ಲಿ ಹಾಕಿ, ಕಣ್ಣು ಕಟ್ಟಿದ ಮೊಮ್ಮಗಳಿಂದ ಒಂದೊಂದನ್ನೇ ಎತ್ತಿಸಿ, ಎತ್ತಿದ್ದನ್ನು ಮರಳಿ ಜಾಡಿಗೆ ಹಾಕಿ ಅಲುಗಾಡಿಸುತ್ತ, ಮೂರು ಅಂಕಿಗಳ ಮೊತ್ತದಿಂದ ಓಪನ್, ಮತ್ತೆ ಮೂರರಿಂದ ಕ್ಲೋಸ್ ಎಂದು ಅದೇ ವಿಧಾನದಲ್ಲಿ ಬರೆದುಕೊಂಡು ಹೋದೆವು. ತಿಂಗಳು ಮುಗಿಯುವುದರೊಳಗೆ ಐವತ್ತು ವಾರಗಳಷ್ಟು, ಎಂದರೆ ಮುನ್ನೂರು ಜೋಡಿಗಳಷ್ಟು, ಚಾರ್ಟು ಸಿದ್ಧವಾಯಿತು. ಅದನ್ನು ಅಚ್ಚುಕಟ್ಟಾಗಿ ಪ್ರತಿಮಾಡಿ, ಏನೊಂದನ್ನೂ ಹೇಳದೆ, ನನ್ನ ಹಳೆಯ ಶಿಷ್ಯರ ಕೈಗಿತ್ತೆ. ಅವರು ಕನ್ನಡಕ ಏರಿಸಿಕೊಂಡು ಅರ್ಧ ಗಂಟೆ ಮೌನವಾಗಿ ನೋಡಿದರು. ಆಮೇಲೆ ಕೆಂಪು ಪೆನ್ನನ್ನು ತೆಗೆದುಕೊಂಡು ಮೂಲೆಯಿಂದ ಮೂಲೆಗೆ ಓರೆಯಾಗಿ ನಾಲ್ಕು ಗೆರೆಗಳನ್ನೆಳೆದು, ಮೂರನೆಯ ವಾರದ ಬುಧವಾರದ ಜೋಡಿ ತಿರುಗುಮುರುಗಾಗಿ ಆರನೆಯ ವಾರದ ಶುಕ್ರವಾರ ಬಂದಿರುವುದನ್ನೂ, ನಾಲ್ಕರ ಬೆನ್ನಿಗೆ ಒಂಬತ್ತು ಮೇಲಿಂದ ಮೇಲೆ ಬರುತ್ತಿರುವುದನ್ನೂ ತೋರಿಸಿ, “ಬಹಳ ಚೊಕ್ಕ ಲೈನ್ ಇದೆ ಮೇಷ್ಟ್ರೇ, ಇದು ಯಾವ ಬಜಾರಿನದು?” ಎಂದು ಕೇಳಿದರು. ಅಡಿಕೆಯ ಜಾಡಿಯ ಸಂಗತಿಯನ್ನು ತಿಳಿಸಿದೆ. ಅವರ ಮುಖದಲ್ಲಿ ನೋವಿನ ಛಾಯೆಯೊಂದು ಹಾಯ್ದುಹೋಯಿತು. ನಾನು ಅವರನ್ನು ಹಾಗೆ ಪರೀಕ್ಷೆಗೊಡ್ಡಬಾರದಾಗಿತ್ತೆಂದು ಇಂದಿಗೂ ನನಗೆ ಅನ್ನಿಸುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಡಿಕೆಗೂ ಒಂದು ಲೈನ್ ಇರುತ್ತೇನೋ” ಎಂದರು.

ಆ ಮಾತನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಯಾವ ಶಕ್ತಿಯೂ ಹಿಂದಿನಿಂದ ನಡೆಸದೆ ಇಷ್ಟೊಂದು ಆಕೃತಿಗಳು ತಾವೇ ತೋರಿಕೊಳ್ಳುತ್ತವೆಂಬುದನ್ನು ನಂಬುವುದು ನಿಜಕ್ಕೂ ಕಷ್ಟ. ಆದರೆ ಎಣಿಸಿ ನೋಡಿದರೆ, ಆಕೃತಿಗಳು ಕಾಣದೆ ಇದ್ದಿದ್ದರೆ ಅದೇ ಸೋಜಿಗವಾಗುತ್ತಿತ್ತು. ನೂರು ಜೋಡಿಗಳಿವೆ, ಮುನ್ನೂರು ಸಲ ಎತ್ತಿದ್ದೇವೆ. ಪ್ರತಿಯೊಂದೂ ಮೂರು ಮೂರು ಸಲ ಬರಬೇಕೆಂದು ನಮ್ಮ ಮನಸ್ಸು ಬಯಸುತ್ತದೆ. ಸಂಭವನೀಯತೆಯ ಗಣಿತ ಹೇಳುವುದು ಬೇರೆ: ಒಂದು ಜೋಡಿಯು ಮುನ್ನೂರು ಸಲವೂ ತಪ್ಪಿಸಿಕೊಳ್ಳುವ ಸಂಭವ ನೂರಕ್ಕೆ ಸುಮಾರು ಐದು; ಆದುದರಿಂದ ಸುಮಾರು ಐದು ಜೋಡಿಗಳು ಒಮ್ಮೆಯೂ ಬಾರದೆ ಉಳಿಯುವುದೂ, ಮತ್ತೊಂದು ಜೋಡಿ ಎಂಟು ಸಲ ಬರುವುದೂ ಸಹಜ. ನಮ್ಮ ಜಾಡಿಯಲ್ಲಿಯೂ ಆರು ಜೋಡಿಗಳು ಬಾರದೆ ಉಳಿದವು. ಚಾರ್ಟನ್ನು ಓದುವವನು ಇವುಗಳಲ್ಲಿ ಮೊದಲಿನವನ್ನು ‘ಬಾಕಿ’ ಎಂದೂ ಎರಡನೆಯದನ್ನು ‘ಓಡುತ್ತಿರುವ ನಂಬರು’ ಎಂದೂ ಕರೆದು, ಎರಡರ ಮೇಲೆಯೂ ಹಣ ಕಟ್ಟುತ್ತಾನೆ. ಬಾರದಿರುವುದೂ ಕಾರಣ, ಬಂದಿರುವುದೂ ಕಾರಣ. ಕೆಂಪು ಜೋಡಿಗಳ ಕಥೆಯೂ ಹೀಗೆಯೇ: ನೂರರಲ್ಲಿ ಇಪ್ಪತ್ತು ಕೆಂಪು; ಹತ್ತು ದಿನ ಒಂದೇ ಸಮನೆ ಕೆಂಪು ಬೀಳದಿರುವುದು ವರ್ಷದಲ್ಲಿ ಐದಾರು ಬಾರಿಯಾದರೂ ಸಂಭವಿಸತಕ್ಕದ್ದೇ; ಮತ್ತು ಹನ್ನೊಂದನೆಯ ದಿನ ಅದು ಬೀಳುವ ಸಂಭವ, ಮೊದಲನೆಯ ದಿನದಂತೆಯೇ, ನೂರಕ್ಕೆ ಇಪ್ಪತ್ತು. ಜಾಡಿಯೊಳಗಿನ ಅಡಿಕೆಗೆ ನಿನ್ನೆ ತಾನು ಹೊರಗೆ ಬಂದಿದ್ದೆನೆಂಬುದು ತಿಳಿಯದು.

ಎಣಿಸುವ ವಿದ್ಯೆ ನಮಗೆ ಹೊರಗಿನಿಂದ ಬಂದುದಲ್ಲವೆಂಬುದನ್ನು ಇಲ್ಲಿ ಹೇಳದಿರಲಾರೆ. ಮಹಾಭಾರತದ ನಳೋಪಾಖ್ಯಾನದಲ್ಲಿ ಋತುಪರ್ಣನು ರಥದಲ್ಲಿ ವಿದರ್ಭಕ್ಕೆ ಹೋಗುತ್ತ ದಾರಿಯಲ್ಲಿ ಕಂಡ ವಿಭೀತಕ ವೃಕ್ಷದ ಎಲೆಗಳೆಷ್ಟು, ಕಾಯಿಗಳೆಷ್ಟು ಎಂದು ಹೇಳುತ್ತಾನೆ. ನಳನು ರಥವನ್ನು ನಿಲ್ಲಿಸಿ, ಎಣಿಸಿ ನೋಡಿ, ಅದು ನಿಜವೆಂದು ಕಂಡು, ಅಕ್ಷಹೃದಯವೆಂಬ ವಿದ್ಯೆಯನ್ನು ಅವನಿಂದ ಪಡೆಯುತ್ತಾನೆ. ಆ ವಿಭೀತಕವೇ ನಮ್ಮ ಕಾಡಿನ ತಾರೆಯ ಮರ. ವೇದಕಾಲದಲ್ಲಿ ಅದರ ಕಾಯಿಗಳೇ ದ್ಯೂತದ ದಾಳಗಳಾಗಿದ್ದವು. ಜೂಜಿನ ಒಳಗುಟ್ಟನ್ನು ಬಲ್ಲವನು ಕೊಂಬೆಯ ಮೇಲಿನ ಕಾಯಿಗಳನ್ನು ಎಣಿಸಿದವನೇ ಹೊರತು, ಹಿಂದಿನ ದಾಳಗಳ ನೆನಪಿನಲ್ಲಿ ಮುಂದಿನದಕ್ಕಾಗಿ ಕಾದು ಕುಳಿತವನಲ್ಲವೆಂಬ ಅರ್ಥವನ್ನು ನಾನು ಆ ಕಥೆಯಲ್ಲಿ ಕಾಣುತ್ತೇನೆ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದಲ್ಲಿ ಬಾಳಿದ ಜೈನ ಗಣಿತಜ್ಞ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ, ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ವಿಧವಾಗಿ ಆರಿಸಬಹುದೆಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟಿದ್ದಾನೆ. ಆ ಸೂತ್ರದಂತೆ ಹತ್ತು ಅಂಕಿಗಳಿಂದ ಬೇರೆ ಬೇರೆಯಾದ ಮೂರನ್ನು ಆರಿಸುವ ವಿಧಗಳು, ಹತ್ತು ಒಂಬತ್ತು ಎಂಟುಗಳ ಗುಣಲಬ್ಧವನ್ನು ಒಂದು ಎರಡು ಮೂರುಗಳ ಗುಣಲಬ್ಧದಿಂದ ಭಾಗಿಸಿದರೆ ಬರುವ 120. ಎರಡಂಕಿ ಒಂದೇ ಆಗಿರುವ ಪಾನಾಗಳು 90, ಮೂರೂ ಒಂದೇ ಆಗಿರುವವು 10, ಒಟ್ಟು 220. ಆಡುವವನು ಈ 220ನ್ನು ಸಮಾನವೆಂದು ಭಾವಿಸಿ, “ಎರಡೂವರೆ ವರ್ಷದಿಂದ ಏಳೇಳೇಳು ಬಿದ್ದಿಲ್ಲ” ಎಂದು ಬೆರಗಾಗುತ್ತಾನೆ. ನನ್ನ ಜಾಡಿಯಂತಹ ನ್ಯಾಯವಾದ ಜಾಡಿಯಲ್ಲಿ ಬೇರೆ ಬೇರೆಯಾದ ಮೂರಂಕಿಗಳು ಆರು ಅನುಕ್ರಮಗಳಲ್ಲಿ ಬರಬಲ್ಲವು, ಎರಡು ಸಮವಿರುವುದು ಮೂರರಲ್ಲಿ, ಏಳೇಳೇಳು ಒಂದರಲ್ಲಿ ಮಾತ್ರ. 720, 270, 10 ಕೂಡಿಸಿದರೆ ಸಾವಿರ. ಸಾವಿರಕ್ಕೊಂದು ಸಲ ಬರತಕ್ಕುದು ಎರಡೂವರೆ ವರ್ಷ ಬಾರದಿದ್ದರೆ ಅದರಲ್ಲಿ ರಹಸ್ಯವೇನಿದೆ?

ಹೊರದೇಶಗಳಲ್ಲಿ ಈ ಭ್ರಾಂತಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಪ್ರಕಟವಾಗಿದೆ. ಇಟಲಿಯ ಸರಕಾರಿ ಲಾಟರಿಯ ವೆನಿಸ್ ಚಕ್ರದಲ್ಲಿ 53 ಎಂಬ ಸಂಖ್ಯೆ 2003ರಿಂದ ಎರಡು ವರ್ಷಗಳ ಹತ್ತಿರ ಬಾರದೆ ಉಳಿದಾಗ, ಇಂದಲ್ಲ ನಾಳೆ ಬಂದೇ ಬರುತ್ತದೆಂದು ಜನರು ಮನೆಮಠಗಳ ಉಳಿತಾಯವನ್ನೆಲ್ಲ ಅದರ ಮೇಲೆ ಸುರಿದರು; ಸಾಲಗಾರರಾದರು; ಪ್ರಾಣ ಕಳೆದುಕೊಂಡವರೂ ಇದ್ದರು. 2005ರ ಫೆಬ್ರವರಿ 9ರಂದು 53 ಬಂದಿತು. ಬಂದೇ ಬರುತ್ತದೆಂದ ಅವರ ಮಾತು ಸುಳ್ಳಾಗಲಿಲ್ಲವೆಂಬುದನ್ನು ಗಮನಿಸಬೇಕು. ಎಂದು ಬರುತ್ತದೆಂಬುದಕ್ಕೆ ಕಳೆದ ದಿನಗಳಲ್ಲಿ ಯಾವ ಸೂಚನೆಯೂ ಇರಲಿಲ್ಲ, ಅಷ್ಟೇ. ಅಮೆರಿಕದ ಮೇರಿಲೆಂಡಿನಲ್ಲಿ ದಿನನಿತ್ಯದ ಮೂರಂಕಿ ಲಾಟರಿಯನ್ನು ಅಭ್ಯಾಸಮಾಡಿದ ಕ್ಲಾಟ್‌ಫೆಲ್ಟರ್ ಮತ್ತು ಕುಕ್ ಎಂಬ ವಿದ್ವಾಂಸರು, ಒಂದು ಸಂಖ್ಯೆ ಬಂದ ಕೂಡಲೆ ಅದರ ಮೇಲೆ ಕಟ್ಟುವ ಹಣ ಕುಸಿದು, ಹಿಂದಿನ ಮಟ್ಟಕ್ಕೆ ಮರಳಲು ತಿಂಗಳುಗಳೇ ಹಿಡಿಯುತ್ತವೆಂದು 1993ರಲ್ಲಿ ತೋರಿಸಿದರು. ನಮ್ಮ ತೀರ್ಥಹಳ್ಳಿಯ ಗೃಹಸ್ಥರಿಗೂ ಮೇರಿಲೆಂಡಿನ ಅಪರಿಚಿತರಿಗೂ ಮನಸ್ಸು ಒಂದೇ.

ಇಷ್ಟು ಹೇಳಿದಾಗ ಅನುಭವಸ್ಥರು ಒಂದು ಆಕ್ಷೇಪವನ್ನು ಎತ್ತುತ್ತಾರೆ, ಮತ್ತು ಅದು ಗಂಭೀರವಾದ ಆಕ್ಷೇಪ. “ನಿಮ್ಮ ಅಡಿಕೆ ಜಾಡಿ ನ್ಯಾಯದ್ದು, ಮೇಷ್ಟ್ರೇ. ಓಸಿಯಲ್ಲಿ ನಂಬರು ಬೀಳುವುದಲ್ಲ, ಬೀಳಿಸುವುದು. ಬೀಳಿಸುವವನಿಗೆ ಒಂದು ರೀತಿ ಇದ್ದೇ ಇರುತ್ತದೆ. ಚಾರ್ಟಿನಲ್ಲಿ ನಾವು ಹುಡುಕುವುದು ಆ ರೀತಿಯನ್ನು.” ಅಂಕಿಗಳ ಹಿಂದೆ ಮನುಷ್ಯನ ಕೈ ಇದ್ದರೆ ಕ್ರಮ ಉಂಟಾಗಬಹುದೆಂಬುದು ಸತ್ಯ. 1980ರ ಏಪ್ರಿಲ್ 24ರಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಮೂರಂಕಿ ಲಾಟರಿಯಲ್ಲಿ 666 ಬಂದಿತು. ನಾಲ್ಕು ಮತ್ತು ಆರು ಎಂಬ ಅಂಕಿಗಳ ಚೆಂಡುಗಳನ್ನು ಬಿಟ್ಟು ಉಳಿದೆಲ್ಲ ಚೆಂಡುಗಳೊಳಗೆ ಬಣ್ಣವನ್ನು ತುಂಬಿಸಿ ಭಾರಮಾಡಿದ್ದರೆಂಬುದು ಆಮೇಲೆ ಬಯಲಾಗಿ, ಕಾರ್ಯಕ್ರಮವನ್ನು ನಡೆಸಿಕೊಡುತ್ತಿದ್ದ ಉದ್ಘೋಷಕನೇ ಶಿಕ್ಷೆಗೊಳಗಾದನು. ಅಲ್ಲಿ ಕ್ರಮವಿತ್ತು. ಆದರೆ ಆ ಕ್ರಮವನ್ನು ಹಳೆಯ ಫಲಿತಾಂಶಗಳ ಪಟ್ಟಿಯಿಂದ ಯಾರೂ ಮುಂಚಿತವಾಗಿ ಓದಬಲ್ಲವರಾಗಿರಲಿಲ್ಲ; ಚೆಂಡಿನೊಳಗೆ ಬಣ್ಣ ತುಂಬಿದವರಿಗೆ ಮಾತ್ರ ಅದು ಗೊತ್ತಿತ್ತು. ಇನ್ನು, ಅಂಕಿಯನ್ನು ಬೀಳಿಸುವವನೊಬ್ಬನು ನಿಜವಾಗಿಯೂ ಇದ್ದಾನೆಂದೇ ಇಟ್ಟುಕೊಳ್ಳೋಣ. ಅವನ ಹಿತವಿರುವುದು ಎಲ್ಲಕ್ಕಿಂತ ಕಡಮೆ ಹಣ ಕಟ್ಟಿರುವ ಅಂಕಿಯಲ್ಲಿ. ಸಾವಿರಾರು ಜನರು ಒಂದೇ ಚಾರ್ಟನ್ನು ನೋಡಿ, ಒಂದೇ ‘ಬಾಕಿ’ಯನ್ನು ಕಂಡು, ಒಂದೇ ಜೋಡಿಯ ಮೇಲೆ ಹಣ ಕಟ್ಟಿದರೆ, ಬೀಳಿಸುವವನು ಮೊಟ್ಟಮೊದಲು ಕೈಬಿಡುವುದು ಅದೇ ಜೋಡಿಯನ್ನು. ಹೀಗಾಗಿ ಆಟ ಪ್ರಾಮಾಣಿಕವಾಗಿದ್ದರೆ ಚಾರ್ಟು ನಿಷ್ಫಲ, ವಂಚನೆಯಾಗಿದ್ದರೆ ಹಾನಿಕರ; ಇವೆರಡರ ನಡುವೆ ಅದು ಉಪಕಾರಿಯಾಗುವ ಮೂರನೆಯ ಪಕ್ಷವೊಂದನ್ನು ನಾನು ಎಷ್ಟು ಹುಡುಕಿದರೂ ಕಂಡಿಲ್ಲ.

ನಿಶ್ಚಿತವಾದ ನಂಬರು ಕೊಡುತ್ತೇವೆಂದು ಫೋನಿನಲ್ಲಿ ಕರೆದು ಹಣ ಕೀಳುವವರ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ನೂರು ಜನರಿಗೆ ನೂರು ಬೇರೆ ಬೇರೆ ಜೋಡಿಗಳನ್ನು ಹೇಳಿದವನಿಗೆ ಪ್ರತಿದಿನವೂ ಒಬ್ಬ ಭಕ್ತ ದೊರೆಯುತ್ತಾನೆ.

ಈಗ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ಈ ಆಟದಲ್ಲಿ ಕ್ರಮವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅಚಲವಾದ, ಒಂದು ದಿನವೂ ತಪ್ಪದ ಕ್ರಮವೊಂದು ಅದರಲ್ಲಿದೆ. ಅದು ಬೀಳುವ ಅಂಕಿಗಳಲ್ಲಿಲ್ಲ, ಗೆದ್ದವನಿಗೆ ಕೊಡುವ ಹಣದಲ್ಲಿದೆ. ಜೋಡಿಗೆ ಒಂದು ರೂಪಾಯಿ ಕಟ್ಟಿದರೆ ನಮ್ಮ ಕಡೆ ಎಪ್ಪತ್ತೋ ಎಂಬತ್ತೋ ಕೊಡುತ್ತಾರೆ. ಕೇಳಿದಾಗ ಅದು ಔದಾರ್ಯದಂತೆಯೇ ತೋರುತ್ತದೆ. ಆದರೆ ಜೋಡಿಗಳು ನೂರು. ನೂರನ್ನೂ ಒಂದೊಂದು ರೂಪಾಯಿಗೆ ಕೊಂಡವನಿಗೆ ನೂರು ರೂಪಾಯಿ ವೆಚ್ಚವಾಗಿ ಎಪ್ಪತ್ತು ಮರಳುತ್ತದೆ. ದಿನಕ್ಕೆ ಐವತ್ತು ರೂಪಾಯಿಯಂತೆ ಮುನ್ನೂರು ದಿನ ಕಟ್ಟಿದವನು ಹದಿನೈದು ಸಾವಿರ ಕೊಟ್ಟಿರುತ್ತಾನೆ. ಸರಾಸರಿ ಮೂರು ಸಲ ಗೆದ್ದು, ಸಲಕ್ಕೆ 3,500ರಂತೆ 10,500 ಪಡೆದಿರುತ್ತಾನೆ. ಉಳಿದ 4,500 ಎಲ್ಲಿಗೆ ಹೋಯಿತೆಂಬುದು ಅವನ ಗಮನಕ್ಕೆ ಬರುವುದಿಲ್ಲ, ಏಕೆಂದರೆ ಆ ಮೂರು ಸಂಜೆಗಳು ಅವನ ಸ್ಮೃತಿಯಲ್ಲಿ ದೀಪದಂತೆ ಬೆಳಗುತ್ತಿರುತ್ತವೆ. ನೂರರಲ್ಲಿ ತೊಂಬತ್ತೈದು ಜನಕ್ಕೆ ವರ್ಷದಲ್ಲಿ ಒಮ್ಮೆಯಾದರೂ ‘ನಂಬರು ಹತ್ತುತ್ತದೆ’. ಹತ್ತಿದ ದಿನ ಚಾರ್ಟಿಗೆ ಜಯ. ಹತ್ತದ ದಿನ ತನ್ನ ಓದಿನಲ್ಲಿ ದೋಷ. ಹೀಗೆ ಯಾವ ಫಲಿತಾಂಶದಿಂದಲೂ ಸುಳ್ಳಾಗದೆ ಚಾರ್ಟು ಉಳಿಯುತ್ತದೆ. ಸೋತ ದಿನ ಎರಡರಷ್ಟು ಕಟ್ಟುವ ಚಟ ಹತ್ತಿದವರ ಲೆಕ್ಕ ಇದಕ್ಕಿಂತ ಘೋರ. ಅದನ್ನು ನಾನು ಒಂದೆರಡು ಮನೆಗಳಲ್ಲಿ ಕಣ್ಣಾರೆ ಕಂಡಿದ್ದೇನೆ, ವಿವರಿಸಲಾರೆ.

ಸಾಗರ ತಾಲ್ಲೂಕಿನವನಾದ ನನಗೆ ಇದನ್ನೆಲ್ಲ ಬರೆಯುವಾಗ ಕಾಗೋಡಿನ ನೆನಪಾಗದೆ ಇರದು. 1951ರಲ್ಲಿ ಅಲ್ಲಿ ನಡೆದ ರೈತ ಸತ್ಯಾಗ್ರಹ, ಅದರಲ್ಲಿ ಎಚ್. ಗಣಪತಿಯಪ್ಪನವರೂ ಶಾಂತವೇರಿ ಗೋಪಾಲಗೌಡರೂ ದುಡಿದದ್ದು, ರಾಮಮನೋಹರ ಲೋಹಿಯಾರವರು ಬಂದು ಬಂಧನಕ್ಕೊಳಗಾದದ್ದು ಎಲ್ಲರಿಗೂ ತಿಳಿದ ಇತಿಹಾಸ. ಆ ಹೋರಾಟದ ಬೀಜವಾಗಿದ್ದ ವಸ್ತುವನ್ನು ಮಾತ್ರ ನಾವು ಅಷ್ಟಾಗಿ ಸ್ಮರಿಸುವುದಿಲ್ಲ. ಅದು ಕೊಳಗ. ಗೇಣಿಯ ಭತ್ತವನ್ನು ಅಳೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದ ಕೊಳಗವು ಇರಬೇಕಾದುದಕ್ಕಿಂತ ದೊಡ್ಡದೆಂಬುದು ಗೇಣಿದಾರರ ದೂರಾಗಿತ್ತು. ಓದುಬರಹವಿಲ್ಲದ ಆ ದೀವರ ಸಮುದಾಯದ ರೈತರು, ಈ ವರ್ಷ ಬೆಳೆ ಹೇಗೆ, ಮುಂದಿನ ವರ್ಷ ಹೇಗೆಂದು ಅದೃಷ್ಟದ ರೇಖೆಯನ್ನು ಹುಡುಕುತ್ತ ಕೂಡಲಿಲ್ಲ. ಅಳೆಯುವ ಪಾತ್ರೆಯನ್ನೇ ಕೈಗೆತ್ತಿಕೊಂಡು ಇದರಲ್ಲಿ ಎಷ್ಟು ಸೇರು ಹಿಡಿಯುತ್ತದೆಂದು ಕೇಳಿದರು. ಕೆಲವು ಸೇರುಗಳ ಅಂತರಕ್ಕಾಗಿ ಸೆರೆಮನೆಗೆ ಹೋದರು. ಅಂಥವರ ಮಕ್ಕಳು ಮೊಮ್ಮಕ್ಕಳು ನೂರು ರೂಪಾಯಿಗೆ ಮೂವತ್ತು ರೂಪಾಯಿಯಷ್ಟು ಹಿರಿದಾದ ಕೊಳಗದಿಂದ ದಿನವೂ ಅಳೆಯಿಸಿಕೊಂಡು, ಕೊಳಗದ ಕಡೆಗೆ ಕಣ್ಣೆತ್ತಿಯೂ ನೋಡದೆ, ಅದರಿಂದ ಉದುರುವ ಕಾಳುಗಳ ವಿನ್ಯಾಸವನ್ನು ನೋಟುಪುಸ್ತಕದಲ್ಲಿ ಬಿಡಿಸುತ್ತಿದ್ದಾರೆ. ಗೇಣಿದಾರನಿಗಾದರೂ ಬೇರೆ ನೆಲವಿರಲಿಲ್ಲ. ಇವರನ್ನು ಈ ಕಣಕ್ಕೆ ಯಾರೂ ಕಟ್ಟಿಹಾಕಿಲ್ಲ.

ಹತ್ತು ರೂಪಾಯಿಗೆ ಒಂದು ದಿನದ ಆಸೆಯನ್ನು ಕೊಂಡುಕೊಂಡರೆ ತಪ್ಪೇನೆಂದು ಕೇಳುವವರಿದ್ದಾರೆ. ಬಡವನ ಆಸೆಯನ್ನು ಹೀಗಳೆಯುವ ಅಧಿಕಾರ ನನಗಿಲ್ಲ. ಆದರೆ ಚಾರ್ಟು ಬರೆಯುವವನು ಕೊಳ್ಳುತ್ತಿರುವುದು ಆಸೆಯನ್ನಲ್ಲ. ತಾನು ಬಲ್ಲೆನೆಂಬ ನಂಬಿಕೆಯನ್ನು. ಆಸೆಗೆ ಹತ್ತು ರೂಪಾಯಿ ಸಾಕು, ಬಲ್ಲೆನೆಂಬ ನಂಬಿಕೆ ತೋಟದ ಫಸಲನ್ನೇ ಕೇಳುತ್ತದೆ. ಇವತ್ತು ಕೆಂಪು ಬೀಳುವುದು ಖಂಡಿತವೆಂದು ತಿಳಿದವನು ಹತ್ತಕ್ಕೆ ಏಕೆ ನಿಲ್ಲಬೇಕು?

ಆದುದರಿಂದ ಇಂತಹ ನೋಟುಪುಸ್ತಕ ಇರುವ ಮನೆಗಳವರಲ್ಲಿ ನನ್ನದೊಂದು ಬಿನ್ನಹ. ಅದನ್ನು ಹರಿಯಬೇಡಿ, ಒಲೆಗೆ ಹಾಕಬೇಡಿ, ಬರೆಯುವವರನ್ನು ಬೈಯಬೇಡಿ. ಅದರ ಹಿಂದೆ ಶ್ರದ್ಧೆಯಿದೆ, ತಾಳ್ಮೆಯಿದೆ. ಪುಟದ ಬಲಗಡೆಯಲ್ಲಿ, ಶನಿವಾರದ ಮನೆಯ ಆಚೆಗೆ, ಎರಡು ಬೆರಳಗಲದ ಅಂಚು ಖಾಲಿ ಉಳಿದಿರುತ್ತದೆ. ಅಲ್ಲಿ ಒಂದು ಗೆರೆಯೆಳೆದು ಎರಡು ಮನೆ ಮಾಡಿ, ಆ ವಾರ ಕಟ್ಟಿದ್ದೆಷ್ಟು, ಬಂದದ್ದೆಷ್ಟು ಎಂದು ಬರೆಯಲು ಹೇಳಿ. ಬರುವ ಯುಗಾದಿಯಿಂದ ಅದರ ಮುಂದಿನ ಯುಗಾದಿಯವರೆಗೆ, ಅಂಕಿಗಳನ್ನು ಬರೆದಷ್ಟೇ ನಿಷ್ಠೆಯಿಂದ, ಒಂದು ವಾರವೂ ತಪ್ಪದೆ ಅದನ್ನು ಬರೆಯಲಿ. ಕೊನೆಯ ಪುಟದಲ್ಲಿ ಎರಡನ್ನೂ ಅವರೇ ಕೂಡಲಿ.